ಹಳೇ ವಿಲ್ಲೀಸ್ ಪಿಕಪ್ ಇಟ್ಕೊಂಡೋರು ಪದೇ ಪದೇ ಕೇಳೋ ಪ್ರಶ್ನೆಗಳು: ಮನೇಲೇ ಮಾಡ್ಕೊಬಹುದಾದ ಸಣ್ಣಪುಟ್ಟ ರಿಪೇರಿ

ಮೂಡಿಗೆರೆ ಕಡೆ ನಮ್ಮ ತೋಟದ ಮನೇಲಿ ಅಪ್ಪನ ಕಾಲದ 62ನೇ ಮಾಡೆಲ್ ವಿಲ್ಲೀಸ್ ಪಿಕಪ್ಪು ಹದಿನೆಂಟು ವರ್ಷ ಕೊಟ್ಟಿಗೆ ಪಕ್ಕ ಬಳ್ಳಿ ಹತ್ತಿಸ್ಕೊಂಡು ನಿಂತಿತ್ತು. ಅದನ್ನ ಎರಡೂವರೆ ವರ್ಷ ಕೂತು ರೀಸ್ಟೋರ್ ಮಾಡಿದೆ. ಅವತ್ತಿಂದ ಜೀಪು, ಪಿಕಪ್ಪು ಇಟ್ಕೊಂಡಿರೋ ಪರಿಚಯದೋರೆಲ್ಲ ಫೋನ್ ಮಾಡ್ತಾರೆ, ಕೇಳೋದು ಅದದೇ ಪ್ರಶ್ನೆ. ಪ್ರತಿ ಸಲ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದೀನಿ. ನಾನು ಮೆಕ್ಯಾನಿಕ್ ಅಲ್ಲ, ಕೈ ಸುಟ್ಕೊಂಡು ಕಲ್ತೋನು. ಒಂದು ಮಾತ್ರ ಮೊದ್ಲೇ ಹೇಳ್ತೀನಿ, ರೀಸ್ಟೋರ್ ಆದ ಗಾಡಿಲಿ ಬರೋ ತೊಂದ್ರೆ ಮುಕ್ಕಾಲು ಪಾಲು ಹಳೇದ್ರಿಂದ ಬರಲ್ಲ, ನಾವು ಹೊಸದಾಗಿ ಮಾಡಿದ ಕೆಲಸದಿಂದಾನೇ ಬರುತ್ತೆ.

ಇದು ಯಾವ್ಯಾವ ಗಾಡಿಗೆ ಅನ್ವಯ ಆಗುತ್ತೆ?

ನಾನು ಮಾತಾಡ್ತಿರೋದು 4 ಸಿಲಿಂಡರ್ ಹರಿಕೇನ್ ಪೆಟ್ರೋಲ್ ಇಂಜಿನ್ ಇರೋ ಗಾಡಿ ಬಗ್ಗೆ. 134 ಕ್ಯೂಬಿಕ್ ಇಂಚು, ಅಂದ್ರೆ ಸುಮಾರು 2200 ಸಿಸಿ. ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಲ್ಲಿ ಇರೋ ವಿಚಿತ್ರ ಇಂಜಿನ್ನು. ವಿಲ್ಲೀಸ್ ಪಿಕಪ್ ಅಮೆರಿಕದಲ್ಲಿ 1947ರಿಂದ 1965ರ ತನಕ ಬಂತು. ಇದೇ ಇಂಜಿನ್ನು ನಮ್ಮ ಕಡೆ ಎತ್ತರದ ಬಾನೆಟ್ ಇರೋ ಮಹೀಂದ್ರ ಜೀಪಲ್ಲೂ, ಮೂತಿ ಇಲ್ದೆ ಚಪ್ಪಟೆ ಇರೋ ಎಫ್‌ಸಿ 150 ಪಿಕಪ್ಪಲ್ಲೂ ಬಂದಿದೆ. ಹಂಗಾಗಿ ಹೆಚ್ಚಿನದ್ದು ಅವಕ್ಕೂ ಆಗುತ್ತೆ. ಡೀಸೆಲ್ ಇಂಜಿನ್ ಕೂರಿಸ್ಕೊಂಡಿರೋರಿಗೆ ಕೆಳಗೆ ಒಂದು ಪ್ರಶ್ನೆ ಇದೆ, ಅಷ್ಟೇ.

ಪೇಂಟ್ ಮಾಡಿಸಿ, ಹೊಸ ವೈರಿಂಗ್ ಹಾಕ್ಸಿ ತಂದೆ. ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದ್ರೆ ಪೆಟ್ರೋಲ್ ಮುಳ್ಳು ಕುಣಿಯುತ್ತೆ, ಹಾರ್ನು ಒಂದೊಂದ್ಸಲ ಮಾತ್ರ. ಡೈನಮೊ ಹೋಗಿದ್ಯಾ?

ಡೈನಮೊ ಮುಟ್ಬೇಡಿ. ಅರ್ಥ್, ಅಂದ್ರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಇಲ್ಲ ನಿಮ್ಮ ಗಾಡಿಗೆ.

ಈ ಗಾಡಿಗಳಲ್ಲಿ ಪ್ರತಿ ಲೈಟಿಗೂ ಒಂದೇ ವೈರ್ ಹೋಗೋದು, ವಾಪಸ್ ಬರೋ ದಾರಿ ಅಂದ್ರೆ ಬಾಡಿ ಮತ್ತೆ ಚಾಸಿ. ಮೊದ್ಲು ತಗಡು ತಗಡಿಗೆ ತಾಗಿ ಕರೆಂಟ್ ಹರೀತಿತ್ತು. ಈಗ ನೀವು ಮಡ್‌ಗಾರ್ಡ್ ಬಿಚ್ಚಿ, ಎರಡು ಕಡೆಗೂ ಪ್ರೈಮರ್ ಹೊಡ್ಸಿ, ಮೇಲೆ ಮೂರು ಕೋಟ್ ಪೇಂಟ್ ಹೊಡ್ಸಿ, ಚೆಂದದ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಹಾಕಿದೀರಿ. ಕರೆಂಟ್ ಎಲ್ಲಿಂದ ಹೋಗ್ಬೇಕು? ದಾರಿ ಹುಡುಕ್ಕೊಂಡು ಇಂಡಿಕೇಟರ್ ಬಲ್ಬಿಂದ ಹೊಕ್ಕಿ ಇನ್ನೆಲ್ಲೋ ಹೊರಗೆ ಬರುತ್ತೆ, ಅದಕ್ಕೇ ಒಂದು ಹಾಕಿದ್ರೆ ಇನ್ನೊಂದು ಕುಣಿಯೋದು.

ನೋಡೋದು ಸುಲಭ. ಹೆಡ್‌ಲೈಟ್ ಆನ್ ಮಾಡಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಹೆಡ್‌ಲೈಟಿನ ಬಕೆಟ್ ಮೇಲೆ, ಪೇಂಟ್ ಇಲ್ದೆ ಇರೋ ಜಾಗದಲ್ಲಿ ಇಡಿ. ಸೊನ್ನೆ ಹತ್ರ ಇರ್ಬೇಕು. ಅರ್ಧ ವೋಲ್ಟ್ ದಾಟಿದ್ರೆ ಕಳ್ಳ ಸಿಕ್ಕ ಅಂತ. ಮೀಟರ್ ಇಲ್ವಾ, ಒಂದು ಉದ್ದ ವೈರ್ ತಗೊಂಡು ಬ್ಯಾಟರಿ ನೆಗೆಟಿವ್‌ಗೂ ಲೈಟಿನ ಬಾಡಿಗೂ ಹಿಡಿದು ನೋಡಿ, ಹಳದಿ ಇದ್ದ ಲೈಟು ಬೆಳ್ಳಗಾಗೋದು ಕಣ್ಣಿಗೇ ಕಾಣುತ್ತೆ.

ಸರಿ ಮಾಡೋದು ಹೆಂಗೆ ಅಂದ್ರೆ ಬೋಲ್ಟ್ ಕೂರೋ ಜಾಗದಲ್ಲಿ ಒಂದು ರೂಪಾಯಿ ಅಗಲ ಉಪ್ಪು ಕಾಗದದಲ್ಲಿ ಉಜ್ಜಿ ಕಬ್ಬಿಣ ಹೊಳೆಯೋ ತನಕ ಪೇಂಟ್ ತೆಗೀರಿ, ಹಲ್ಲಿರೋ ವಾಷರ್ ಹಾಕಿ ಟೈಟ್ ಮಾಡಿ, ಮೇಲೆ ಚೂರು ಗ್ರೀಸ್ ಸವರಿ. ಪೇಂಟ್ ಕೆರೆಯೋಕೆ ಹೊಟ್ಟೆ ಉರಿಯುತ್ತೆ, ಗೊತ್ತು. ಆಮೇಲೆ ಇಂಜಿನ್ನಿಂದ ಚಾಸಿಗೆ ಒಂದು, ಚಾಸಿಯಿಂದ ಬಾಡಿಗೆ ಒಂದು ದಪ್ಪ ಪಟ್ಟಿ ಅರ್ಥ್ ಇರ್ಲೇಬೇಕು. ಇಂಜಿನ್ನು ಕೂತಿರೋದು ರಬ್ಬರ್ ಮೌಂಟ್ ಮೇಲೆ, ಆ ಪಟ್ಟಿ ಮರೆತ್ರೆ ಸೆಲ್ಫ್ ಹೊಡೆದಾಗ ಅಷ್ಟೂ ಕರೆಂಟು ಚೋಕ್ ಕೇಬಲ್ಲು, ಆಕ್ಸಲರೇಟರ್ ಕೇಬಲ್ಲು ಹಿಡ್ಕೊಂಡು ಹೋಗೋಕೆ ನೋಡುತ್ತೆ. ನನ್ನ ಚೋಕ್ ಕೇಬಲ್ಲು ಹೊಗೆ ಬಂದು ಅಲ್ಲೇ ಅಂಟ್ಕೊಂಡಿತ್ತು, ಹೊಸಾದು.

ಪೆಟ್ರೋಲ್ ಮೀಟರ್ ಯಾವಾಗ್ಲೂ ಒಂದೇ ಕಡೆ ತೋರಿಸ್ತಿದ್ರೂ ಮೊದ್ಲು ಟ್ಯಾಂಕಿನ ಅರ್ಥ್ ನೋಡಿ, ಪೇಂಟ್ ಹೊಡೆದ ಟ್ಯಾಂಕು ಪೇಂಟ್ ಹೊಡೆದ ಪಟ್ಟಿ ಮೇಲೆ ಕೂತಿರುತ್ತೆ.

ಸೆಲ್ಫ್ ಹೊಡೆದ್ರೆ ಟಕ್ ಅಂತ ಶಬ್ದ ಅಷ್ಟೇ.

ಮೇಲಿನ ಉತ್ತರ ಓದಿ. ಅದು ಸರಿ ಇದ್ರೆ ಬ್ಯಾಟರಿ ಟರ್ಮಿನಲ್ ಬಿಚ್ಚಿ ಬಿಸಿನೀರು ಹಾಕಿ ತೊಳೆದು ಉಜ್ಜಿ ಹಾಕಿ. ಅದೂ ಸರಿ ಇದ್ರೆ ಸೆಲ್ಫ್ ಬಿಚ್ಚಿ ಬುಷ್ಷು, ಬ್ರಷ್ಷು ನೋಡಿಸಿ.

ಹ್ಯಾಂಡಲ್ ಹಾಕಿ ಸ್ಟಾರ್ಟ್ ಮಾಡ್ಬಹುದಾ?

ಮಾಡ್ಬಹುದು, ಆ ಖುಷೀನೇ ಬೇರೆ. ಆದ್ರೆ ಹೆಬ್ಬೆರಳು ಹ್ಯಾಂಡಲ್ ಸುತ್ತ ಹಾಕ್ಬೇಡಿ, ಬಾಕಿ ನಾಲ್ಕು ಬೆರಳ ಕಡೇನೇ ಇಟ್ಕೊಳ್ಳಿ. ಕೆಳಗಿಂದ ಮೇಲಕ್ಕೆ ಎಳೀರಿ, ಮೇಲಿಂದ ಕೆಳಕ್ಕೆ ಒತ್ತಬೇಡಿ. ಟೈಮಿಂಗ್ ಮುಂದೆ ಹೋಗಿದ್ರೆ, ಅಂದ್ರೆ ಕಿಡಿ ಬೇಗ ಬರ್ತಿದ್ರೆ, ಇಂಜಿನ್ನು ವಾಪಸ್ ಒದೆಯುತ್ತೆ, ಹೆಬ್ಬೆರಳು ಸುತ್ತ ಇದ್ರೆ ಮುರೀತು ಅಂತಾನೇ. ನಮ್ಮ ತೋಟದ ಹಳೇ ಡ್ರೈವರಿಗೆ ಬಲಗೈ ಮಣಿಕಟ್ಟು ಕಡೇ ತನಕ ಸೊಟ್ಟ ಇತ್ತು. ನ್ಯೂಟ್ರಲ್ ಇದ್ಯಾ, ಗಾಲಿಗೆ ಕಲ್ಲು ಕೊಟ್ಟಿದ್ಯಾ ಅಂತ ಎರಡು ಸಲ ನೋಡಿ.

ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟು. ಹತ್ತು ಹದಿನೈದು ಕಿಲೋಮೀಟರ್ ಹೋದ್ಮೇಲೆ, ಇಲ್ಲಾ ಘಾಟಿ ಹತ್ತುವಾಗ ಉಸಿರು ಕಟ್ಟಿದಂಗೆ ನಿಂತೋಗುತ್ತೆ. ಹತ್ತು ನಿಮಿಷ ಬಿಟ್ರೆ ಮತ್ತೆ ಸ್ಟಾರ್ಟ್ ಆಗುತ್ತೆ. ಕಾರ್ಬೊರೇಟರ್ ಬದಲಾಯಿಸ್ಲಾ?

ಅತಿ ಹೆಚ್ಚು ಬರೋ ಪ್ರಶ್ನೆ ಇದು. ಇದಕ್ಕೆ ನಾನು ಕಳೆದ ದುಡ್ಡಿಗೆ ಲೆಕ್ಕ ಇಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನನ್ನ ಗಾಡಿ ರೀಸ್ಟೋರ್ ಆಗಿ ಮೊದಲ ದೂರದ ಪ್ರಯಾಣ ಉಜಿರೆಗೆ. ಚಾರ್ಮಾಡಿ ಇಳಿಯೋದು ಆರಾಮಾಯ್ತು, ವಾಪಸ್ ಹತ್ತುವಾಗ ಮೂರನೇ ತಿರುವಲ್ಲಿ ಭುಸ್ ಅಂತ ನಿಂತ್ಕೊಂಡ್ತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಯ್ತು, ಮತ್ತೆ ಸ್ವಲ್ಪ ದೂರಕ್ಕೆ ನಿಂತ್ಕೊಂಡ್ತು. ಕೊಟ್ಟಿಗೆಹಾರ ಮುಟ್ಟೋಷ್ಟರಲ್ಲಿ ಕತ್ತಲೆ. ಮರುವಾರ ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ಬದಲಾಯಿಸ್ದೆ, ಆಮೇಲೆ ಅದರ ಜೊತೆ ಕೆಲಸ ಮಾಡೋ ಕಂಡೆನ್ಸರ್, ಆಮೇಲೆ ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಾಮ್, ಕಡೆಗೆ ಕಾರ್ಬೊರೇಟರ್ ಪೂರ್ತಿ. ಏನೂ ಫರಕ್ಕಿಲ್ಲ. ಒಂದಿನ ಹಿಂಗೇ ನಿಂತಾಗ, ಪೆಟ್ರೋಲ್ ಇದ್ಯಾ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದ್ರೆ ಸುಯ್ ಅಂತ ಗಾಳಿ ಒಳಗೆ ಎಳ್ಕೊಂಡ್ತು. ಅಷ್ಟೇ ಕಥೆ. ಹಳೇ ತುಕ್ಕು ಮುಚ್ಚಳ ಬಿಸಾಕಿ, ಶೋ ಇರ್ಲಿ ಅಂತ ಹೊಳೆಯೋ ಕ್ರೋಮ್ ಮುಚ್ಚಳ ಹಾಕಿದ್ದೆ, ಅದಕ್ಕೆ ಗಾಳಿ ತೂತೇ ಇಲ್ಲ. ಪಂಪು ಪೆಟ್ರೋಲ್ ಎಳೆದು ಎಳೆದು ಟ್ಯಾಂಕೊಳಗೆ ನಿರ್ವಾತ ಆಗಿ, ಆಮೇಲೆ ಎಳೆಯೋಕೆ ಆಗ್ತಿರ್ಲಿಲ್ಲ. ಒಂದು ಮಿಲಿಮೀಟರ್ ಡ್ರಿಲ್ಲಲ್ಲಿ ಮುಚ್ಚಳದ ಒಳಗಡೆ ತಗಡಿಗೆ ಸಣ್ಣ ತೂತು ಹಾಕ್ದೆ, ಮುಗೀತು. ಹಾಗಾಗಿ ಮೊದಲನೇ ಕೆಲಸ, ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆಗೆದು ಕಿವಿಗೊಡಿ.

ಅದು ಸರಿ ಇದ್ರೆ ಎರಡೇ ದಾರಿ, ಪೆಟ್ರೋಲ್ ಬರ್ತಿಲ್ಲ, ಇಲ್ಲಾ ಕಿಡಿ ಬರ್ತಿಲ್ಲ. ಗಾಡಿ ನಿಂತಿರುವಾಗ್ಲೇ ನೋಡ್ಬೇಕು, ತಣ್ಣಗಾದ್ಮೇಲೆ ನೋಡಿದ್ರೆ ಎಲ್ಲಾ ಸರಿ ಇರುತ್ತೆ. ಪೆಟ್ರೋಲ್ ಪಂಪಿನ ಗಾಜಿನ ಬಟ್ಟಲಲ್ಲಿ ಗುಳ್ಳೆ ಏಳ್ತಿದ್ರೆ, ಅರ್ಧ ಖಾಲಿ ಇದ್ರೆ ವೇಪರ್ ಲಾಕ್, ಅಂದ್ರೆ ಪೈಪಲ್ಲೇ ಪೆಟ್ರೋಲ್ ಕುದ್ದು ಆವಿ ಆಗಿದೆ. ಒದ್ದೆ ಬಟ್ಟೆ ಪಂಪಿಗೆ, ಪೈಪಿಗೆ ಸುತ್ತಿ, ಮೇಲೆ ನೀರು ಹಾಕಿ, ಐದು ನಿಮಿಷಕ್ಕೆ ಸ್ಟಾರ್ಟ್ ಆಗುತ್ತೆ. ಶಾಶ್ವತಕ್ಕೆ ಅಂದ್ರೆ ಪೈಪನ್ನ ಎಕ್ಸಾಸ್ಟಿಂದ ದೂರ ಹಾಯ್ಸಿ. ಈ ಇಂಜಿನ್ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡು ಹೆಡ್ಡಿನ ಒಳಗೇ ಎರಕ ಹೊಯ್ದಿರೋದು, ಕಾರ್ಬೊರೇಟರ್ ಸೀದಾ ಹೆಡ್ ಮೇಲೇ ಕೂರುತ್ತೆ, ಹಂಗಾಗಿ ಕೆಳಗಿನ ದಪ್ಪ ಪ್ಯಾಕಿಂಗ್ ಬದಲು ತೆಳ್ಳನೆ ಕಾಗದದ ಪ್ಯಾಕಿಂಗ್ ಹಾಕಿದ್ರೆ ಬಿಸಿ ಪೂರಾ ಮೇಲೆ ಹತ್ತುತ್ತೆ.

ಗಾಜಿನ ಬಟ್ಟಲು ತುಂಬಿದೆ ಅಂದ್ರೆ ಕಿಡಿ ನೋಡಿ. ಒಂದು ಪ್ಲಗ್ ಬಿಚ್ಚಿ, ವೈರ್ ಹಾಕಿ, ಪ್ಲಗ್ಗಿನ ಮೈ ಇಂಜಿನ್ನಿಗೆ ತಾಗಿಸಿಟ್ಟು ಸೆಲ್ಫ್ ಹೊಡ್ಸಿ. ಬಿಚ್ಚಿದ ತೂತಿಂದ ದೂರ ಇಟ್ಕೊಳ್ಳಿ, ಅಲ್ಲಿಂದ ಪೆಟ್ರೋಲ್ ಆವಿ ಬರ್ತಿರುತ್ತೆ. ನೀಲಿ ಕಿಡಿ ಚಟ್ ಚಟ್ ಅಂದ್ರೆ ಸರಿ. ಹಳದಿ, ಸಣಕಲು ಕಿಡಿ ಇದ್ರೆ ಕಂಡೆನ್ಸರ್ ಇಲ್ಲಾ ಕಾಯಿಲ್. ಕಂಡೆನ್ಸರ್ ಬಿಸಿಗೆ ಸಾಯೋದು, ತಣ್ಣಗಾದ್ರೆ ಬದುಕೋದು ಇದರ ಹುಟ್ಟುಗುಣ. ಹೊಸದಾಗಿ ಕೊಂಡಿದ್ದು ಅನ್ನೋ ಧೈರ್ಯ ಬೇಡ, ಈಗ ಬರೋ ಕಂಡೆನ್ಸರ್ ನೋಡಿದ್ರೆ ಹಳೇದೇ ಜೋಪಾನ ಮಾಡ್ಬೇಕು ಅನ್ಸುತ್ತೆ, ಒಂದು ಹೆಚ್ಚಿಗೆ ಡ್ಯಾಶ್‌ಬೋರ್ಡಲ್ಲಿ ಬಿದ್ದಿರ್ಲಿ.

ಗ್ಯಾಪ್ ಎಷ್ಟು ಇಡ್ಬೇಕು?

ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 20 ಥೌ, ಅಂದ್ರೆ ಅರ್ಧ ಮಿಲಿಮೀಟರ್. ಪ್ಲಗ್ ಗ್ಯಾಪ್ 30 ಥೌ. ಫೈರಿಂಗ್ ಆರ್ಡರ್ 1-3-4-2. ಟೈಮಿಂಗ್, ಪಿಸ್ಟನ್ ಪೂರ್ತಿ ಮೇಲೆ ಬರೋಕೆ 5 ಡಿಗ್ರಿ ಮುಂಚೆ. ಟ್ಯಾಪೆಟ್ಟು, ಅಂದ್ರೆ ವಾಲ್ವಿಗೆ ಬಿಡೋ ಸಂದು, ಇಂಜಿನ್ ತಣ್ಣಗಿದ್ದಾಗ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ. ಇನ್‌ಟೇಕಿಗೆ ಮೇಲಿನ ಕವರ್ ತೆಗೀಬೇಕು, ಎಕ್ಸಾಸ್ಟಿಗೆ ಪಕ್ಕದ ಕವರ್. ತುಂಬಾ ಜನ ಮೇಲಿಂದು ಮಾಡಿ ಪಕ್ಕದ್ದು ಕೈಗೆ ಸಿಗಲ್ಲ ಅಂತ ಬಿಟ್ಬಿಡ್ತಾರೆ, ಸುಟ್ಟೋಗೋದು ಅದೇ ವಾಲ್ವು.

ಮಳೆಗಾಲದಲ್ಲಿ ಬೆಳಗ್ಗೆ ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಆದ್ರೂ ಮಿಸ್ಸಿಂಗ್.

ಮಲೆನಾಡಿನ ಮಳೇಲಿ ನಾವೇ ಎದ್ದೇಳಲ್ಲ. ಒಂದೊಂದು ಪ್ಲಗ್ಗಿಗೂ ಕಿಡಿ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ನೋಡಿ, ಬೆವರು ಕೂತಿರುತ್ತೆ. ಒಣ ಬಟ್ಟೇಲಿ ಒರೆಸಿ, ಒಲೆ ಹತ್ರ ಐದು ನಿಮಿಷ ಇಟ್ಟು ಹಾಕಿ. ಕ್ಯಾಪಿನ ಒಳಗೆ ಕೂದಲೆಳೆ ಥರ ಕಪ್ಪು ಗೆರೆ ಕಂಡ್ರೆ ಅದು ಬಿರುಕು, ಕಿಡಿ ಅಲ್ಲೇ ಓಡಾಡ್ತಿದೆ, ಕ್ಯಾಪ್ ಬದಲಾಯಿಸ್ಬೇಕು. ರಾತ್ರಿ ಬಾನೆಟ್ ತೆಗೆದು ಕತ್ತಲಲ್ಲಿ ಇಂಜಿನ್ ಓಡಿಸಿ ನೋಡಿದ್ರೆ ಪ್ಲಗ್ ವೈರು ಎಲ್ಲೆಲ್ಲಿ ಲೀಕ್ ಅಂತ ದೀಪಾವಳಿ ಥರ ಕಾಣುತ್ತೆ.

ಇನ್ನೊಂದು ಇಲಿ. ಗೋಡೌನ್ ಪಕ್ಕ ನಿಲ್ಲಿಸೋ ಗಾಡಿ ಆದ್ರೆ ಜೂನಲ್ಲಿ ಒಂದ್ಸಲ ವೈರಿಂಗ್ ಪೂರ್ತಿ ಕೈಯಾಡ್ಸಿ ನೋಡಿ. ಏರ್ ಕ್ಲೀನರ್ ಒಳಗೂ. ನಮ್ಮದರಲ್ಲಿ ಅರ್ಧ ಸೇರು ಕಾಫಿ ಬೀಜ ಸಿಕ್ಕಿತ್ತು.

ಈಗಿನ ಇ-20 ಪೆಟ್ರೋಲ್ ಹಾಕಿದ್ರೆ ಹಾಳಾಗುತ್ತಾ?

ಬಂಕಲ್ಲಿ ಈಗ ಸಿಗೋದೇ ಅದು, 20 ಪರ್ಸೆಂಟ್ ಎಥೆನಾಲ್. ಹಾಕದೇ ಇರೋಕೆ ಆಗಲ್ಲ, ಹಾಗಾಗಿ ಗಾಡೀನೇ ತಯಾರು ಮಾಡ್ಬೇಕು. ಹಳೇ ರಬ್ಬರ್ ಪೈಪು, ಪಂಪಿನ ಹಳೇ ಡಯಾಫ್ರಾಮು ಎಥೆನಾಲಿಗೆ ಉಬ್ಬಿ ಮೆತ್ತಗಾಗಿ ಕಡೆಗೆ ಬಿರುಕು ಬಿಡುತ್ತೆ. ಇಂಜಿನ್ ಆಯಿಲ್ ಕಡ್ಡಿ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದ್ರೆ ಡಯಾಫ್ರಾಮ್ ಹರಿದು ಪೆಟ್ರೋಲ್ ಇಂಜಿನ್ ತಳದ ಆಯಿಲ್ ಸಂಪ್ ಒಳಗೆ ಇಳೀತಿದೆ ಅಂತ, ತಕ್ಷಣ ಓಡಿಸೋದು ನಿಲ್ಸಿ, ಡಯಾಫ್ರಾಮು, ಆಯಿಲ್ಲು ಎರಡೂ ಬದಲಾಯಿಸಿ. ಹೊಸ ಪೈಪ್ ತಗೊಳ್ಳುವಾಗ ಎಥೆನಾಲಿಗೆ ತಡೆಯುತ್ತೆ ಅಂತ ಪೈಪ್ ಮೇಲೇ ಬರೆದಿರೋದು ತಗೊಳ್ಳಿ, ಮೀಟರಿಗೆ ಸ್ವಲ್ಪ ಜಾಸ್ತಿ ಅಷ್ಟೇ.

ಎರಡನೇದು, ಎಥೆನಾಲ್ ನೀರು ಕುಡಿಯುತ್ತೆ. ಗಾಡಿ ಎರಡು ಮೂರು ತಿಂಗಳು ನಿಲ್ಲೋದಾದ್ರೆ ಟ್ಯಾಂಕಲ್ಲಿ ಬಿಡ್ಬೇಡಿ, ಖಾಲಿ ಮಾಡಿ, ಕಾರ್ಬೊರೇಟರ್ ಬಟ್ಟಲೂ ಒಣಗೋ ತನಕ ಓಡಿಸಿ ನಿಲ್ಸಿ. ಮಳೆಗಾಲ ಪೂರಾ ನಿಂತ ಗಾಡಿ ಟ್ಯಾಂಕಿನ ತಳದಲ್ಲಿ ನೀರು ಬೇರೆ, ಪೆಟ್ರೋಲ್ ಬೇರೆ ಆಗಿ ಕೂತಿರೋದು ನಾನೇ ಬಾಟಲೀಲಿ ಹಿಡಿದು ನೋಡಿದೀನಿ. ಮೊದಲ ಕೆಲವು ಟ್ಯಾಂಕಲ್ಲಿ ಹಳೇ ಜಿಡ್ಡು, ತುಕ್ಕು ಎಲ್ಲಾ ಕಿತ್ಕೊಂಡು ಬರುತ್ತೆ, ಪಂಪಿಗಿಂತ ಮುಂಚೆ ಒಂದು ಫಿಲ್ಟರ್ ಹಾಕಿ, ಎರಡು ಸಲ ಬದಲಾಯ್ಸಿ.

ಕಾರ್ಬೊರೇಟರಿಂದ ಪೆಟ್ರೋಲ್ ಸುರಿಯುತ್ತೆ.

ನೀಡಲ್ ವಾಲ್ವ್ ಕೆಳಗೆ ಕಸ. ಬಿಚ್ಚೋಕೆ ಮುಂಚೆ ಸ್ಕ್ರೂಡ್ರೈವರ್ ಹಿಡಿಯಿಂದ ಮೈ ಮೇಲೆ ಎರಡು ಸಲ ಕುಟ್ಟಿ ನೋಡಿ, ಅರ್ಧ ಸಲ ಅದರಲ್ಲೇ ಸರಿ ಹೋಗುತ್ತೆ. ಆಗ್ಲಿಲ್ಲ ಅಂದ್ರೆ ಫ್ಲೋಟ್ ತೆಗೆದು ಕಿವಿ ಹತ್ರ ಅಲ್ಲಾಡಿಸಿ, ಒಳಗೆ ಕುಲುಕುಲು ಅಂದ್ರೆ ತೂತಾಗಿ ಪೆಟ್ರೋಲ್ ತುಂಬಿದೆ. ಬಿಸಿನೀರಲ್ಲಿ ಮುಳುಗಿಸಿದ್ರೆ ಗುಳ್ಳೆ ಬರೋ ಜಾಗವೇ ತೂತು. ಬೆಸುಗೆ ಹಾಕೋದಾದ್ರೆ ಒಳಗಿನ ಪೆಟ್ರೋಲ್ ಪೂರ್ತಿ ಹೋಗಿ ಒಣಗಿದ್ಮೇಲೆ ಮಾತ್ರ. ಸುರಿಯುವಾಗ ಸೆಲ್ಫ್ ಹೊಡೀತಾ ಕೂರಬೇಡಿ, ಕೆಳಗೇ ಎಕ್ಸಾಸ್ಟ್ ಇರೋದು.

ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೆಯುತ್ತೆ. ಇನ್ನೊಬ್ರು: ಹೋಗ್ತಾ ಹೋಗ್ತಾ ಬ್ರೇಕ್ ತಾನೇ ಹಿಡ್ಕೊಂಡು ಡ್ರಮ್ಮೆಲ್ಲಾ ಕಾಯುತ್ತೆ.

ಎಳೆಯೋದಕ್ಕೆ ಮೊದಲ ಕಾರಣ ಹೊಸ ಲೈನರ್ ಡ್ರಮ್ಮಿನ ಸುತ್ತಿಗೆ ಸರಿಯಾಗಿ ಕೂತಿರಲ್ಲ. ಡ್ರಮ್ ತೆಗೆದು ನೋಡಿ, ಲೈನರ್ ಮಧ್ಯ ಮಾತ್ರ ಹೊಳೀತಿದ್ರೆ ಅಷ್ಟು ಜಾಗ ಮಾತ್ರ ತಾಗ್ತಿದೆ. ಲೇತಲ್ಲಿ ಡ್ರಮ್ ಹೊಡ್ಸಿರೋರಿಗೆ ಇದು ಗ್ಯಾರಂಟಿ. ಹೊಳೆಯೋ ಜಾಗ ಉಜ್ಜಿ ಇಳಿಸಿ, ಜಾಕ್ ಹಾಕಿ ಗಾಲಿ ತಿರುಗಿಸ್ತಾ ಅಡ್ಜಸ್ಟರ್ ಟೈಟ್ ಮಾಡಿ, ಉಜ್ಜೋ ಶಬ್ದ ಬಂದ್ಮೇಲೆ ಬಿಡೋ ತನಕ ವಾಪಸ್ ತಿರುಗಿಸಿ. ನಾಲ್ಕೂ ಗಾಲಿಗೆ.

ತಾನೇ ಹಿಡ್ಕೊಳೋದು ಬೇರೆ ಕಥೆ. ಪೆಡಲ್ಲಿಗೆ ಮೇಲ್ಗಡೆ ಅರ್ಧ ಇಂಚು ಸಡಿಲ ಇರ್ಲೇಬೇಕು. ಆಟ ಇರ್ಬಾರ್ದು ಅಂತ ಯಾರೋ ರಾಡ್ ಉದ್ದ ಮಾಡಿದ್ರೆ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಮುಚ್ಕೊಂಡು, ಬಿಸಿಗೆ ಉಬ್ಬಿದ ಬ್ರೇಕ್ ಆಯಿಲ್ಲಿಗೆ ವಾಪಸ್ ಹೋಗೋಕೆ ದಾರಿ ಇರಲ್ಲ. ಸಡಿಲ ಸರಿ ಇದ್ದೂ ಒಂದೇ ಗಾಲಿ ಹಿಡೀತಿದ್ರೆ ಆ ಗಾಲಿಯ ರಬ್ಬರ್ ಹೋಸ್ ಒಳಗೆ ಉಬ್ಬಿದೆ, ಹೊರಗೆ ನೋಡೋಕೆ ಚೆನ್ನಾಗೇ ಇರುತ್ತೆ.

ಈ ಗಾಡಿಗಳಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಲೈನಿಂದು. ಎಲ್ಲಾದ್ರೂ ಒಂದು ಕಡೆ ಒಡೆದ್ರೆ ನಾಲ್ಕೂ ಗಾಲಿ ಬ್ರೇಕ್ ಹೋಯ್ತು. ಪೆಡಲ್ ಮೆತ್ತಗಾಗಿ ಕೆಳಗೆ ಹೋಗ್ತಿದೆ, ಸರ್ವೀಸ್ ಸ್ಟೇಷನ್ ತನಕ ನಿಧಾನಕ್ಕೆ ಹೋಗ್ಲಾ ಅಂತ ಕೇಳ್ಬೇಡಿ. ಅಲ್ಲೇ ನಿಲ್ಸಿ, ಮೆಕ್ಯಾನಿಕ್ಕನ್ನೇ ಕರೆಸಿ. ಬ್ರೇಕ್ ಆಯಿಲ್ ನಮ್ಮ ಕಡೆ ತೇವಕ್ಕೆ ಬೇಗ ನೀರು ಹಿಡಿಯುತ್ತೆ, ಎರಡು ವರ್ಷಕ್ಕೊಂದ್ಸಲ ಪೂರ್ತಿ ಬದಲಾಯ್ಸಿ. ಹೊಸ ಪೇಂಟ್ ಮೇಲೆ ಚೆಲ್ಲಿದ್ರೆ ಒರೆಸ್ತಾ ನಿಲ್ಲಬೇಡಿ, ಚೊಂಬು ನೀರು ಸುರೀರಿ.

ಹ್ಯಾಂಡ್ ಬ್ರೇಕ್ ಎಷ್ಟು ಎಳೆದ್ರೂ ಇಳಿಜಾರಲ್ಲಿ ನಿಲ್ಲಲ್ಲ.

ಇದರ ಹ್ಯಾಂಡ್ ಬ್ರೇಕ್ ಗಾಲಿಗೆ ಅಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಗಾಲಿಗೆ ಶಕ್ತಿ ಹಂಚೋ ಪೆಟ್ಟಿಗೆ) ಹಿಂದೆ ಪ್ರೊಪೆಲರ್ ಶಾಫ್ಟಿಗೆ ಇರೋ ಸಣ್ಣ ಡ್ರಮ್ಮಿಗೆ. ಅಲ್ಲೇ ಮುಂದಿರೋ ಆಯಿಲ್ ಸೀಲ್ ಲೀಕಾಗಿ ಲೈನರಿಗೆ ಎಣ್ಣೆ ಸ್ನಾನ ಆಗಿರುತ್ತೆ. ಸೀಲ್ ಹಾಕಿದ್ರೆ ಮೂರು ತಿಂಗಳಿಗೆ ಮತ್ತೆ ಲೀಕು. ಯಾಕೆ ಅಂದ್ರೆ ಟ್ರಾನ್ಸ್‌ಫರ್ ಕೇಸಿಗೆ, ಹಿಂದಿನ ಆಕ್ಸಲ್ ಹೌಸಿಂಗಿಗೆ ಉಸಿರಾಡೋ ಸಣ್ಣ ಬ್ರೀದರ್ ಇರುತ್ತೆ, ಪೇಂಟರ್ ಅದರ ಮೇಲೂ ಗನ್ ಓಡಿಸಿರ್ತಾನೆ. ಬಿಸಿ ಆದಾಗ ಒಳಗಿನ ಗಾಳಿ ಹಿಗ್ಗಿ ಸೀಲನ್ನ ದಾಟಿ ಎಣ್ಣೆ ತಳ್ಳುತ್ತೆ. ಸೂಜೀಲಿ ಚುಚ್ಚಿ ಬ್ರೀದರ್ ಬಿಡಿಸಿ, ಆಮೇಲೆ ಸೀಲ್ ಹಾಕಿ. ಹಿಂದಿನ ಗಾಲಿ ಡ್ರಮ್ಮೊಳಗೆ ಗೇರ್ ಆಯಿಲ್ ಬರೋದಕ್ಕೂ ಇದೇ ಕಾರಣ ಆಗಿರ್ಬಹುದು.

ಫಸ್ಟ್ ಗೇರ್ ಹಾಕುವಾಗ ಕರ್ರ್ ಅನ್ನುತ್ತೆ. ಗೇರ್ ಬಾಕ್ಸ್ ಬಿಚ್ಚಿಸ್ಲಾ?

ಗಾಡಿ ಚಲಿಸ್ತಿರುವಾಗ ಹಾಕಿದ್ರೆ ಅನ್ನುತ್ತೆ, ಗೇರ್ ಹಲ್ಲುಗಳ ವೇಗ ಹೊಂದಿಸೋ ಸಿಂಕ್ರೊ ಫಸ್ಟಿಗೆ ಇಲ್ವೇ ಇಲ್ಲ. ಪೂರ್ತಿ ನಿಲ್ಸಿ ಹಾಕಿ, ಇಲ್ಲಾ ಡಬಲ್ ಕ್ಲಚ್, ಅಂದ್ರೆ ನ್ಯೂಟ್ರಲ್ಲಿಗೆ ಒಂದ್ಸಲ, ಗೇರಿಗೆ ಇನ್ನೊಂದ್ಸಲ ಕ್ಲಚ್ ಒತ್ತೋದು, ಕಲೀರಿ. ನಿಂತಾಗ್ಲೂ ಕರಕರ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿಲ್ಲ, ಪೆಡಲ್ಲಲ್ಲಿ ಒಂದು ಇಂಚು ಆಟ ಇಟ್ಟು ಅಡ್ಜಸ್ಟ್ ಮಾಡಿ.

ಇನ್ನೊಂದು, ಗೇರ್ ಬಾಕ್ಸ್ ಆಯಿಲ್ ನಿಧಾನಕ್ಕೆ ಹಿಂದಿನ ಟ್ರಾನ್ಸ್‌ಫರ್ ಕೇಸಿಗೆ ಹೋಗಿ ಸೇರ್ಕೊಳೋದು ಈ ಗಾಡಿಗಳಲ್ಲಿ ಮಾಮೂಲು. ಕೆಳಗೆ ಒಂದು ಹನಿ ಬೀಳಲ್ಲ, ಗೇರ್ ಬಾಕ್ಸ್ ಮಾತ್ರ ಒಣಗಿರುತ್ತೆ. ತಿಂಗಳಿಗೊಮ್ಮೆ ಎರಡರ ಲೆವೆಲ್ ಪ್ಲಗ್ಗೂ ತೆಗೆದು ಬೆರಳಿಟ್ಟು ನೋಡಿ. ಆಯಿಲ್ಲು 90 ನಂಬರ್, ಜಿಎಲ್-4. ಜಿಎಲ್-5 ಜಾಸ್ತಿ ಒಳ್ಳೇದು ಅಂತ ಅಂಗಡೀಲಿ ಕೊಟ್ರೆ ಬೇಡ ಅನ್ನಿ, ಹಿತ್ತಾಳೆ ಸಿಂಕ್ರೊ ರಿಂಗಿಗೆ ಆಗಿ ಬರಲ್ಲ.

ಫೋರ್ ವೀಲ್ ಲಿವರ್ ಜಾಮ್ ಆಗಿದೆ, ವಾಪಸ್ ಬರ್ತಿಲ್ಲ.

ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ಓಡಿಸಿದೀರಿ, ಒಪ್ಕೊಳ್ಳಿ. ಮುಂದಿನ ಹಿಂದಿನ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ಮಧ್ಯದಲ್ಲಿ ಇಲ್ದಿರೋ ಗಾಡಿ, ಕೆಸರಲ್ಲಾದ್ರೆ ಗಾಲಿ ಜಾರಿ ಸರಿ ಹೋಗುತ್ತೆ, ಟಾರಲ್ಲಿ ಜಾರಲ್ಲ, ಮುಂದಿಂದು ಹಿಂದಿಂದು ಒಂದಕ್ಕೊಂದು ತಿರುಚ್ಕೊಂಡು ಕೂರುತ್ತೆ. ಲಿವರಿಗೆ ಸುತ್ತಿಗೆ ತರಬೇಡಿ. ಸ್ಟೀರಿಂಗ್ ನೇರ ಇಟ್ಟು ಹತ್ತು ಅಡಿ ರಿವರ್ಸ್ ಹೋಗಿ, ಬೆಣ್ಣೆ ಥರ ಬರುತ್ತೆ.

ಹೀಟ್ ಆಗುತ್ತೆ.

ಅರ್ಥ್ ಸರಿ ಇದ್ಯಾ? ತಮಾಷೆ ಅಲ್ಲ, ಹೀಟ್ ಮೀಟರ್ ಕರೆಂಟಲ್ಲಿ ಓಡೋದಾದ್ರೆ, ಅರ್ಥ್ ಸರಿ ಇಲ್ದಿದ್ರೆ ಸುಳ್ಳು ಹೇಳುತ್ತೆ. ನಿಜಕ್ಕೂ ಹೀಟ್ ಆಗ್ತಿದ್ರೆ ರೇಡಿಯೇಟರ್ ಮುಂದೆ ಹುಲ್ಲಿನ ಬೀಜ, ಹುಳ ತುಂಬಿದ್ಯಾ ನೋಡಿ, ಹಿಂದಿಂದ ಮುಂದಕ್ಕೆ ನೀರು ಹೊಡೀರಿ. ಬೆಲ್ಟ್ ಬೆರಳಲ್ಲಿ ಒತ್ತಿದ್ರೆ ಅರ್ಧ ಇಂಚು ಬಗ್ಗಿದ್ರೆ ಸಾಕು. ಟೈಮಿಂಗ್ ಹಿಂದೆ ಇದ್ರೂ, ಅಂದ್ರೆ ಕಿಡಿ ತಡವಾಗಿ ಬಂದ್ರೂ, ಹೀಟ್ ಆಗುತ್ತೆ, ಇದನ್ನ ಯಾರೂ ನೋಡಲ್ಲ, ಎಲ್ರೂ ರೇಡಿಯೇಟರ್ ಬಿಚ್ಚಿ ಶಾಪಿಗೆ ಹೊತ್ಕೊಂಡು ಹೋಗ್ತಾರೆ. ಬಿಸಿ ಇದ್ದಾಗ ಮುಚ್ಚಳ ತೆಗೀಬೇಡಿ, ತಣ್ಣೀರು ಸುರೀಬೇಡಿ, ಬ್ಲಾಕ್ ಬಿರುಕು ಬಿಟ್ರೆ ಇನ್ನೊಂದು ಸಿಗೋದು ಕಷ್ಟ.

60 ದಾಟಿದ್ರೆ ಸ್ಟೀರಿಂಗ್ ಗಡಗಡ ನಡುಗುತ್ತೆ.

60 ದಾಟ್ಬೇಡಿ! ಸರಿ, ಮೊದ್ಲು ಟೈರ್ ಬ್ಯಾಲೆನ್ಸು, ಗಾಳಿ. ಆಮೇಲೆ ಒಬ್ಬರನ್ನ ಸ್ಟೀರಿಂಗ್ ಮೇಲೆ ಕೂರ್ಸಿ ಎಡ ಬಲ ಸ್ವಲ್ಪ ಸ್ವಲ್ಪ ಆಡಿಸೋಕೆ ಹೇಳಿ, ನೀವು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಿ, ಯಾವುದು ಟಕ್ ಅನ್ನುತ್ತೋ ಅದು ಸವೆದಿದೆ. ಎಲ್ಲಾ ಸರಿ ಇದ್ರೂ ನಡುಗಿದ್ರೆ ಮುಂದಿನ ಗಾಲಿ ಎಡ ಬಲ ತಿರುಗೋ ಕಿಂಗ್ ಪಿನ್ ಬೇರಿಂಗಿಗೆ ಶಿಮ್ (ತೆಳ್ಳನೆ ತಗಡಿನ ಬಿಲ್ಲೆ) ಕಮ್ಮಿ ಮಾಡಿ ಬಿಗಿ ಮಾಡಿಸ್ಬೇಕು, ಅದು ಗೊತ್ತಿರೋರ ಕೈಲಿ. ಸ್ಟೀರಿಂಗ್ ಬಾಕ್ಸಿನ ಮೇಲಿನ ಸ್ಕ್ರೂ ಟೈಟ್ ಮಾಡಿ ಆಟ ತೆಗೆಯೋರು ಇದಾರೆ, ಜಾಸ್ತಿ ಬಿಗಿದ್ರೆ ತಿರುವು ಮುಗಿದ್ಮೇಲೆ ಸ್ಟೀರಿಂಗ್ ವಾಪಸ್ ಬರೋದೇ ಇಲ್ಲ.

ಕೆಳಗೆ ಆಯಿಲ್ ಹನಿ ಬೀಳುತ್ತೆ.

ಬೀಳ್ತಿದ್ರೆ ಒಳಗೆ ಆಯಿಲ್ ಇದೆ ಅಂತ. ಬೆಳಗ್ಗೆ ಒಂದು ರೊಟ್ಟಿನ ಹಾಳೆ ಹಾಸಿ ನೋಡಿ, ನಾಲ್ಕೈದು ಹನಿ ಇದ್ರೆ ಸುಮ್ನಿರಿ. ಅಂಗೈ ಅಗಲ ಆದ್ರೆ ಹುಡುಕಿ.

ಗೊಬ್ಬರ ಹೇರಿದ್ರೆ ಹಿಂದಿನ ಬಾಡಿ ತುಕ್ಕು ಹಿಡಿಯುತ್ತಾ? ಮುಂದಿನ ಗ್ಲಾಸಿಂದ ನೀರೂ ಬರುತ್ತೆ.

ಯೂರಿಯಾ, ಪೊಟ್ಯಾಷ್ ಚೀಲ ಹೇರಿದ ದಿನಾನೇ ತೊಳೀಬೇಕು, ಉಪ್ಪಿಗಿಂತ ಕಡೆ ಅದು. ಬಾಡಿ ಮೂಲೇಲಿ ನೀರು ಹೋಗೋ ತೂತು ಪುಟ್ಟಿ ಹಾಕಿ ಮುಚ್ಚಿದ್ರೆ ತೆಗೀರಿ, ಕಂಪನಿಯೋರು ಸುಮ್ನೆ ಬಿಟ್ಟಿದ್ದಲ್ಲ. ಗ್ಲಾಸಿಗೆ ಬೀಡಿಂಗ್ ರಬ್ಬರ್ ಜಾಯಿಂಟ್ ಮೇಲ್ಗಡೆ ಬಂದಿದ್ರೆ ಬಿಚ್ಚಿ ಕೆಳಗೆ ಬರೋ ಥರ ತಿರುಗಿಸಿ ಹಾಕ್ಸಿ.

ನಮ್ಮ ಗಾಡಿಗೆ ಡೀಸೆಲ್ ಇಂಜಿನ್ ಕೂರ್ಸಿದೆ. ಫಿಲ್ಟರ್ ಬದಲಾಯಿಸಿದ್ಮೇಲೆ ಸ್ಟಾರ್ಟೇ ಆಗ್ತಿಲ್ಲ.

ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಕೈ ಪಂಪ್ ಒತ್ತಿ, ನೊರೆ ನಿಂತು ಬರೀ ಡೀಸೆಲ್ ಬಂದ್ಮೇಲೆ ಟೈಟ್ ಮಾಡಿ. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ ಹಂಗೇ. ಚಳೀಲಿ ಮಾತ್ರ ತೊಂದ್ರೆ ಅಂದ್ರೆ, ಪಿಜೋ ಇಂಜಿನ್ ಆದ್ರೆ ಹೀಟರ್ ಪ್ಲಗ್ ನೋಡಿ.

ಪಾರ್ಟ್ಸ್ ಎಲ್ಲಿ ಸಿಗುತ್ತೆ? ಪಾನಾ ಕೂರ್ತಿಲ್ಲ ಯಾವ್ದೂ.

ಬೆಂಗಳೂರಲ್ಲಿ ಜೆ.ಸಿ. ರೋಡು, ಶಿವಾಜಿನಗರದ ಗುಜರಿ. ಹಳೇ ಪೀಸ್ ಕೈಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ಹೇಳಿದ್ರೆ ಬೇರೇದೇ ಕೊಡ್ತಾರೆ. ಇಂಜಿನ್, ಗೇರ್ ಬಾಕ್ಸಿನ ಸುಮಾರು ಸಾಮಾನು ಜೀಪಿಂದೇ ಆಗೋದ್ರಿಂದ ಪಿಕಪ್ ಅನ್ನದೆ ಜೀಪ್ ಅಂತಾನೇ ಕೇಳಿ. ಬಾಡಿ ತಗಡು, ಬಾಗಿಲಿನ ಹಿಡಿ ಇಂಥವಕ್ಕೆ ಅದೃಷ್ಟ ಬೇಕು.

ಪಾನಾ ಇಂಚಿನದ್ದು ಬೇಕು. 13 ನಂಬರ್ ಪಾನಾ ಅರ್ಧ ಇಂಚಿನ ಬೋಲ್ಟಿಗೆ ಕೂತಂಗೆ ಕೂತು ಮೂಲೆ ತಿರುಚಿ ಗುಂಡಗೆ ಮಾಡುತ್ತೆ. 14 ನಂಬರ್ 9/16ಕ್ಕೆ ಹೋಗೋದೇ ಇಲ್ಲ, 15 ಹಾಕಿದ್ರೆ ಜಾರುತ್ತೆ. 7/16, 1/2, 9/16, 5/8 ಇಷ್ಟು ಒಳ್ಳೇದು ಒಂದ್ಸಲ ತಗೊಂಡ್ಬಿಡಿ.

ವಿಂಟೇಜ್ ನಂಬರ್ ಪ್ಲೇಟ್ ಮಾಡಿಸ್ಲಾ?

50 ವರ್ಷ ದಾಟಿದ, ಚಾಸಿ ಬಾಡಿ ಇಂಜಿನ್ ಮೂಲದಂಗೇ ಇರೋ ಗಾಡಿಗೆ 2021ರ ನಿಯಮದಲ್ಲಿ ವಿಎ ಅಕ್ಷರದ ನಂಬರ್ ಕೊಡ್ತಾರೆ, ಫೀ 20,000, ಹತ್ತು ವರ್ಷಕ್ಕೆ. ಆದ್ರೆ ಆಮೇಲೆ ದಿನಾ ಓಡಿಸೋ ಹಂಗಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ ಇಷ್ಟಕ್ಕೆ ಮಾತ್ರ. ನಾನು ವಾರಕ್ಕೆರಡು ದಿನ ಸಂತೆಗೆ ತಗೊಂಡು ಹೋಗೋನು, ಹಂಗಾಗಿ ಹಳೇ ನಂಬರನ್ನೇ ಐದೈದು ವರ್ಷಕ್ಕೆ ರಿನ್ಯೂ ಮಾಡಿಸ್ತಿದೀನಿ.

ಪಂಚರ್ ಆಯ್ತು, ಎಡಗಡೆ ಗಾಲಿ ನಟ್ ಎಷ್ಟು ಜೋರು ಹಾಕಿದ್ರೂ ಬಿಚ್ಚಲ್ಲ.

ಬಿಚ್ತಿಲ್ಲ ಮಾರಾಯ್ರೆ, ಇನ್ನೂ ಬಿಗೀತಿದೀರಿ! ಎಡಗಡೆ ಎರಡು ಗಾಲಿಗೂ ಉಲ್ಟಾ ತಿರುಪು, ಬಲಕ್ಕೆ ತಿರುಗಿಸಿದ್ರೆ ಸಡಿಲ ಆಗೋದು. ಬೋಲ್ಟಿನ ತುದೀಲಿ ಎಲ್ ಅಂತ ಕೆತ್ತಿರುತ್ತೆ, ಪೇಂಟ್ ಹೊಡೆದಿದ್ರೆ ಕಾಣಲ್ಲ. ಹಬ್ ಬದಲಾಗಿರೋ ಗಾಡಿಗಳಲ್ಲಿ ಒಂದು ಗಾಲಿ ಉಲ್ಟಾ, ಒಂದು ಸೀದಾ ಇರೋದೂ ಉಂಟು, ಆದ್ದರಿಂದ ಮನೇಲಿ ಆರಾಮಾಗಿರುವಾಗ್ಲೇ ಒಂದೊಂದು ನಟ್ ಬಿಚ್ಚಿ ನೋಡಿಟ್ಕೊಳ್ಳಿ. ನನ್ನ ಗಾಡೀದು ಪಂಚರ್ ಅಂಗಡಿ ಹುಡುಗ ನಾಲ್ಕಡಿ ಪೈಪ್ ಹಾಕಿ, ಅದರ ಮೇಲೆ ನಿಂತು ಕುಣಿದು ಎರಡು ಬೋಲ್ಟ್ ತುಂಡು ಮಾಡಿದ್ದ. ತಪ್ಪು ಅವನದ್ದಲ್ಲ, ಅವನು ಹುಟ್ಟೋಕೆ ಮುಂಚೇನೇ ಇಂಥ ಗಾಡಿ ರೋಡಿಂದ ಹೋಗಿತ್ತು. ಈಗ ಎಡಗಡೆ ಎರಡೂ ಮಡ್‌ಗಾರ್ಡ್ ಒಳಗೆ ಬಿಳಿ ಪೇಂಟಲ್ಲಿ ದೊಡ್ಡದಾಗಿ "ಉಲ್ಟಾ" ಅಂತ ಬರೆದಿದೀನಿ.